ಪುಸ್ತಕದೊಳಗಣ ಚೀಟಿ

ಸೇವೆಯಿಂದ ನಿವೃತ್ತರಾಗಿ ಕಾಖಂಡಕಿಗೆ ಮರಳಿ ಬಂದು ನೆಲೆಸಿದ ಮೇಲೆ ನಮಗೆ ಹೊತ್ತಿನ ಬಡತನವಿಲ್ಲ. ಮುಂಜಾನೆ ಸ್ನಾನಾದಿಗಳು ತೀರಿದ ಬಳಿಕ ಮಹಿಪತಿದಾಸರ ಸನ್ನಿಧಾನದ ಕಡೆಗೆ ಒಂದು ಸುತ್ತು ಹೋಗಿ ಬರುವದು, ಹಳೆಯ ಪುಸ್ತಕಗಳ ಧೂಳು ಕೊಡಹುವದು, ಓಣಿಯ ಹುಡುಗರು ಬಂದರೆ ನಾಲ್ಕು ಶಬ್ದರೂಪಗಳನ್ನು ಹೇಳಿಕೊಡುವದು, ಇಷ್ಟೇ ನಮ್ಮ ದಿನಚರ್ಯೆ. ಇಂಥ ನಾವು ಬೋಲಪಟವೊಂದರ ವಿಷಯವಾಗಿ ಲೇಖನಿ ಹಿಡಿದಿರುವದನ್ನು ಕಂಡು ವಾಚಕ ಮಹಾಶಯರು ನಕ್ಕರೆ ನಮ್ಮ ಅಭ್ಯಂತರವಿಲ್ಲ. ನಲವತ್ತು ವರ್ಷಗಳ ಹಿಂದೆ ನಾವೂ ನಕ್ಕಿರುತ್ತಿದ್ದೆವು.

ಕಳೆದ ಕಾರಹುಣ್ಣಿಮೆಗೆ ನಮ್ಮ ಕಿರಿಯ ಮಗಳು ಬೆಂಗಳೂರಿನಿಂದ ಬಂದಿದ್ದಳು. ನಮ್ಮೂರ ಕಾರಹುಣ್ಣಿಮೆಯೆಂದರೆ ಸುತ್ತಣ ಹಳ್ಳಿಗಳ ಜನವೆಲ್ಲ ಬಂದು ನೆರೆಯುವ ಹಬ್ಬ. ಬಣ್ಣ ಬಳಿದ ಹೋರಿಗಳು ಓಣಿಯಲ್ಲಿ ನುಗ್ಗಿ ಬರುವಾಗ ಕಟ್ಟೆ ಮಾಳಿಗೆಗಳ ಮೇಲೆಲ್ಲ ಬರಿಯ ತಲೆಗಳೇ ಕಾಣುವವು. ಆ ಗದ್ದಲವೆಲ್ಲ ಮುಗಿದ ಮರುದಿನ ಮಧ್ಯಾಹ್ನ ಅವಳು ತನ್ನ ಲ್ಯಾಪ್‌ಟಾಪನ್ನು ನಮ್ಮ ಮುಂದೆ ಬಿಚ್ಚಿಟ್ಟು, “ಅಪ್ಪಾ, ಬಂಗಾಲಿ ಮಾತಿನೊಳಗ ಸಂಸ್ಕೃತ ಭಾಳ ಅದ ಅಂತ ಯಾವಾಗಲೂ ಹೇಳ್ತೀರಲ್ಲ, ಇದನ್ನ ನೋಡಿ ನನಗ ಅರ್ಥ ಹೇಳ್ರಿ ನೋಡೂಣು,” ಎಂದಳು. ಅವಳ ಸಂಗಡ ಒಂದೇ ಕೋಣೆಯಲ್ಲಿರುವ ಗೆಳತಿಯು ಬಂಗಾಲದವಳಂತೆ. ಆಕೆಯು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅತ್ತ ಕಡೆಯ ಹುಡುಗ ಹುಡುಗಿಯರನ್ನೆಲ್ಲ ಅಳಿಸಿದ ಚಿತ್ರವಂತೆ ಇದು.

ಚಿತ್ರದ ಹೆಸರು ‘ಚಿರೊದಿನಿ ತುಮಿ ಜೆ ಆಮಾರ್’. 2008ರಲ್ಲಿ ತೆರೆಕಂಡದ್ದು, ರಾಜ ಚಕ್ರವರ್ತಿ ಎಂಬವರು ನಿರ್ದೇಶಿಸಿದ್ದು. ಹೆಸರಿನ ಅರ್ಥಕ್ಕೆ ಅಮರಕೋಶವನ್ನು ತೆರೆಯಬೇಕಾದ ಕಾರಣವೇ ಇರಲಿಲ್ಲ. ಚಿರ, ದಿನ ಎಂಬ ನಮ್ಮ ಹಳೆಯ ಗೆಳೆಯರು ಅಲ್ಲಿ ಕೈಕೈ ಹಿಡಿದು ನಿಂತಿದ್ದಾರೆ. ‘ಎಂದೆಂದಿಗೂ ನೀನು ನನ್ನ...’ ಎಂದು ಹೇಳಹೊರಟು ನಾವು ತಡವರಿಸಿದೆವು. ‘ನನ್ನವನು’ ಎನ್ನಬೇಕೋ ‘ನನ್ನವಳು’ ಎನ್ನಬೇಕೋ? ಬಂಗಾಲಿಯಲ್ಲಿ ಆ ಭೇದವೇ ಇಲ್ಲ. ಗಂಡು ಹೇಳಿದರೂ ಅದೇ ಮಾತು, ಹೆಣ್ಣು ಹೇಳಿದರೂ ಅದೇ ಮಾತು. ವ್ಯಾಕರಣವು ಕೊಟ್ಟ ಈ ಸಮಾನತೆಯನ್ನು ಕಥೆಯು ಕೊಡುವದೋ ನೋಡೋಣವೆಂದು ಕನ್ನಡಕ ಹಾಕಿಕೊಂಡು ಕುಳಿತೆವು.

ಕಥೆ ಸರಳವಾದದ್ದು. ಮೋಟಾರು ರಿಪೇರಿಯ ಗ್ಯಾರೇಜಿನಲ್ಲಿ ದುಡಿಯುವ ಒಬ್ಬ ಬಡ ಹುಡುಗ. ಸಿರಿವಂತ ಮನೆತನದ, ಇನ್ನೂ ಶಾಲೆಗೆ ಹೋಗುತ್ತಿರುವ ಒಬ್ಬ ಹುಡುಗಿ. ಇಬ್ಬರಲ್ಲಿಯೂ ಒಲವು ಮೂಡುತ್ತದೆ. ಊರು ಬಿಟ್ಟು ಓಡಿಹೋಗುತ್ತಾರೆ. ಹುಡುಗಿಯ ಕಡೆಯವರು ಬೆನ್ನಟ್ಟಿ ಬಂದು ಇಬ್ಬರನ್ನೂ ಅಗಲಿಸುತ್ತಾರೆ. ಕೆಲವು ವರ್ಷಗಳು ಕಳೆದ ಮೇಲೆ ಆ ಹುಡುಗನು ಬುದ್ಧಿ ಕೆಟ್ಟು, ಬಟ್ಟೆ ಹರಿದು, ಬೀದಿಯ ಪಾಲಾಗಿರುತ್ತಾನೆ. ಅರ್ಧ ಚಿತ್ರ ನೋಡುವಷ್ಟರಲ್ಲಿಯೇ ನಮ್ಮ ಅರ್ಧಾಂಗಿಯು ಅಡಿಗೆಮನೆಯ ಬಾಗಿಲಲ್ಲಿ ನಿಂತು, “ಇದು ನಮ್ಮ ಗಣೇಶನ ಸಿನೇಮಾ ಅಲ್ಲೇನ್ರೀ?” ಎಂದಳು. ಅಹುದು, ಅದೇ! ಎಸ್. ನಾರಾಯಣರು ನಿರ್ದೇಶಿಸಿದ, ಗಣೇಶ ಮತ್ತು ಅಮೂಲ್ಯಾ ನಟಿಸಿದ ‘ಚೆಲುವಿನ ಚಿತ್ತಾರ’. 2007ರಲ್ಲಿ ನಮ್ಮ ನಾಡಿನ ಹಳ್ಳಿಹಳ್ಳಿಗಳಲ್ಲಿ ಅದರ ಹಾಡುಗಳು ಕೇಳುತ್ತಿದ್ದವು. ಟ್ರ್ಯಾಕ್ಟರಿನ ಮೇಲೆ ಕುಳಿತವನೂ ಅದನ್ನೇ ಹಾಡುತ್ತಿದ್ದನು.

ಇವೆರಡಕ್ಕೂ ತಾಯಿಬೇರು ತಮಿಳಿನಲ್ಲಿ. ಬಾಲಾಜಿ ಶಕ್ತಿವೇಲರು 2004ರಲ್ಲಿ ಮಾಡಿದ ‘ಕಾದಲ್’ ಎಂಬ ಚಿತ್ರವು ಮಧುರೆಯ ಬೀದಿಗಳಲ್ಲಿ ನಡೆಯುವ ಕಥೆ. ರೈಲಿನಲ್ಲಿ ಸಹಪ್ರಯಾಣಿಕನೊಬ್ಬನು ಹೇಳಿದ ನಿಜಸಂಗತಿಯಿಂದ ಅದು ಹುಟ್ಟಿತೆಂದು ನಿರ್ದೇಶಕರು ಹೇಳಿಕೊಂಡಿದ್ದಾರೆ. ನಮ್ಮ ಮುತ್ತಜ್ಜಂದಿರ ಕಾಲಕ್ಕೆ ಬಂಗಾಲವು ಕೊಡುವ ಕೈಯಾಗಿಯೂ ಕನ್ನಡವು ಕೊಳ್ಳುವ ಕೈಯಾಗಿಯೂ ಇದ್ದವು. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಿಸಿದ್ದರಿಂದಲ್ಲವೆ ನಮ್ಮ ಅಜ್ಜಿಯಂದಿರಿಗೆ ಓದುವ ಹುಚ್ಚು ಹತ್ತಿದ್ದು? ಈಗ ಬಂಗಾಲಿಯೂ ಕನ್ನಡವೂ ಒಂದೇ ಮನೆಯಿಂದ ಕಡ ತಂದಿವೆ. ಕನ್ನಡವು ಒಂದು ವರ್ಷ ಮೊದಲು, ಬಂಗಾಲಿಯು ಒಂದು ವರ್ಷ ತರುವಾಯ. ಹತ್ತು ವರ್ಷಗಳಾದ ಮೇಲೆ ಇದೇ ಮತ್ತೊಮ್ಮೆ ನಡೆಯಿತು. ನಮ್ಮ ನೆರೆಯ ಸೊಲ್ಲಾಪುರ ಜಿಲ್ಲೆಯ ನೆಲದಲ್ಲಿ ನಾಗರಾಜ ಮಂಜುಳೆಯವರು ಮಾಡಿದ ‘ಸೈರಾಟ’ ಎಂಬ ಮರಾಠಿ ಚಿತ್ರವು 2016ರಲ್ಲಿ ಬಂದಿತು. ಅದು 2017ರಲ್ಲಿ ‘ಮನಸು ಮಲ್ಲಿಗೆ’ಯಾಗಿ ಕನ್ನಡಕ್ಕೂ, 2018ರಲ್ಲಿ ‘ನೂರ್ ಜಹಾಂ’ ಆಗಿ ಬಂಗಾಲಿಗೂ ಹೋಯಿತು. ‘ಸೈರಾಟ’ವನ್ನು ನೋಡಲು ನಮ್ಮ ಕಡೆಯವರಿಗೆ ಭಾಷಾಂತರ ಬೇಕಾಗಿರಲಿಲ್ಲ. ಅದರ ಕುಣಿತದ ಹಾಡಿಗೆ ನಮ್ಮ ಮದುವೆಯ ಮೆರವಣಿಗೆಗಳಲ್ಲಿ ಕುಣಿಯದ ಹುಡುಗನಿಲ್ಲ. ಆದರೆ ಅದರ ಕೊನೆಯನ್ನು ನೆನೆದು ಕುಣಿದವರಾರು? ಹೆತ್ತ ಮನೆಯವರು ಉಡುಗೊರೆ ಹಿಡಿದು ಬಂದು ಗಂಡಹೆಂಡಿರಿಬ್ಬರನ್ನೂ ಕೊಂದು ಹೋಗುತ್ತಾರೆ. ಇನ್ನೂ ನಡೆಯಲು ಕಲಿಯುತ್ತಿರುವ ಕೂಸಿನ ಹೆಜ್ಜೆಗಳು ರಕ್ತದಲ್ಲಿ ಮೂಡುತ್ತವೆ.

ಈ ಎಲ್ಲ ಕಥೆಗಳಿಗೂ ಅಜ್ಜನಂತಿರುವದು ಶರಚ್ಚಂದ್ರರ ‘ದೇವದಾಸ’. 1917ರಲ್ಲಿ ಅಚ್ಚಾದ ಆ ಕಾದಂಬರಿಯನ್ನು ಪ್ರಮಥೇಶ ಬರುವಾ ಅವರು 1935ರಲ್ಲಿ ಬಂಗಾಲಿಯಲ್ಲಿ ಚಿತ್ರವಾಗಿಸಿದರು. ಅಲ್ಲಿ ಜಮೀನುದಾರನ ಮಗ ಹುಡುಗ. ನೆರೆಮನೆಯ ಕೆಳದರ್ಜೆಯ ಮನೆತನದವಳು ಹುಡುಗಿ. ಇಲ್ಲಿ ತಕ್ಕಡಿಯ ಪರಡಿಗಳು ಅದಲುಬದಲಾಗಿವೆ, ಅಷ್ಟೆ. ಆದರೆ ಒಂದು ಸಂಗತಿಯು ಮಾತ್ರ ಬದಲಾಗಿಲ್ಲ. ದೇವದಾಸನು ಕುಡಿದು ಸಾಯುತ್ತಾನೆ, ಗ್ಯಾರೇಜಿನ ಹುಡುಗನಿಗೆ ಹುಚ್ಚು ಹಿಡಿಯುತ್ತದೆ, ನೋಡುವವರು ಕಣ್ಣೀರಿಡುತ್ತಾರೆ. ಹುಡುಗಿಯ ಗತಿ? ಆಕೆಯನ್ನು ಇನ್ನೊಬ್ಬನಿಗೆ ಕೊಟ್ಟು ಕಳಿಸಿರುತ್ತಾರೆ. ಗಂಡಸಿಗೆ ಹುಚ್ಚು ಹಿಡಿಯುವ ಸ್ವಾತಂತ್ರ್ಯವಾದರೂ ಉಂಟು. ಹೆಂಗಸು ಮರುದಿನ ಬೆಳಗಾಗುವ ಮೊದಲೇ ಎದ್ದು ಪರರ ಮನೆಯ ಒಲೆಯನ್ನು ಹೊತ್ತಿಸಬೇಕು. ಆಕೆಗೆ ಬುದ್ಧಿ ಕೆಡಲಿಕ್ಕೂ ಪುರಸತ್ತಿಲ್ಲ.

ಇನ್ನೊಂದು ಆಕ್ಷೇಪವನ್ನೂ ನಾವು ಮಗಳ ಮುಂದೆ ಆಡಿದೆವು. ಈ ಚಿತ್ರಗಳೊಳಗಿನ ಹುಡುಗಿಯು ಇನ್ನೂ ಶಾಲೆಯ ಮಗು. ಹೆಣ್ಣಿಗೆ ಹದಿನೆಂಟು, ಗಂಡಿಗೆ ಇಪ್ಪತ್ತೊಂದು ಎಂಬದು 1978ರಿಂದಲೂ ಈ ದೇಶದ ಕಾಯದೆ. ಓಡಿಹೋಗಿ ತಾಳಿ ಕಟ್ಟಿಸಿಕೊಳ್ಳುವ ಆ ದೃಶ್ಯಕ್ಕೆ ಸೀಟಿ ಹಾಕಿಸುವ ನಿರ್ದೇಶಕನು, ಆ ಮಗುವು ಪರೀಕ್ಷೆ ಕಟ್ಟಬೇಕಾಗಿತ್ತೆಂಬದನ್ನು ಮರೆಯುತ್ತಾನೆ. ನಮ್ಮ ಈ ಮಾತನ್ನು ಮಗಳು ಅಲ್ಲಗಳೆಯಲಿಲ್ಲ. ಆದರೆ ಲ್ಯಾಪ್‌ಟಾಪನ್ನು ಮುಚ್ಚುತ್ತ ಕೇಳಿದಳು: “ಖರೇ ಅಪ್ಪಾ. ಆದ್ರ ಆ ಹುಡುಗೀಗೆ ಯಾರ ಮುಂದ ಹೇಳಬೇಕಾಗಿತ್ತು? ನೀವs ಆಕೀ ಮಾಸ್ತರ ಇದ್ದಿದ್ರ ಏನ ಮಾಡ್ತಿದ್ರಿ?”

ನಮಗೆ ಉತ್ತರ ಕೊಡಲಾಗಲಿಲ್ಲ. ಯಾಕೆಂದರೆ ನಾವು ಒಮ್ಮೆ ಅಂಥ ಹುಡುಗಿಯ ಮಾಸ್ತರರಾಗಿದ್ದೆವು. ಮಾಡಬೇಕಾದ್ದನ್ನು, ಅಂದರೆ ಮಾಡಬಾರದ್ದನ್ನು, ಮಾಡಿಯೂ ಇದ್ದೆವು.

ಅದು 2007ನೆಯ ಇಸವಿ. ಶಾಲೆಯ ಹೆಸರನ್ನೂ ಊರನ್ನೂ ಇಲ್ಲಿ ಹೇಳುವದಿಲ್ಲ. ಜಿಲ್ಲೆಯ ದ್ರಾಕ್ಷಿ ಬೆಳೆಯುವ ಸೀಮೆಯದೊಂದು ಊರೆಂದರೆ ಸಾಕು. ಹತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಸಂಸ್ಕೃತದಲ್ಲಿ ಬಹು ಚುರುಕು. ಧಾತುರೂಪಗಳನ್ನು ಗಿಣಿಯಂತೆ ಒಪ್ಪಿಸದೆ, ‘ಇದು ಹೀಗೇಕೆ?’ ಎಂದು ಕೇಳುವ ಜಾತಿಯವಳು. ತಂದೆಯು ದೊಡ್ಡ ದ್ರಾಕ್ಷಿ ಪಡದ ಒಡೆಯ. ಒಣದ್ರಾಕ್ಷಿ ಮಾಡುವ ಶೆಡ್ಡುಗಳೂ ಇದ್ದವು. ಆ ಪಡದಲ್ಲಿ ಗೊನೆ ಕೊಯ್ಯಲು ಬರುತ್ತಿದ್ದ ಕೂಲಿಯ ಹೆಂಗಸೊಬ್ಬಳ ಮಗನು ಊರ ಮುಂದಿನ ಟ್ರ್ಯಾಕ್ಟರ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದನು. ಅವನೂ ಎರಡು ಮೂರು ವರ್ಷಗಳ ಹಿಂದೆ ನಮ್ಮಲ್ಲಿಯೇ ಓದಿ, ಬಡತನದಿಂದ ಶಾಲೆ ಬಿಟ್ಟವನು.

ಒಂದು ದಿನ ನಾವು ನಮ್ಮ ‘ಶಬ್ದಮಂಜರಿ’ಯನ್ನು ಮನೆಯಲ್ಲಿ ಮರೆತು ಹೋಗಿದ್ದೆವು. ಆ ಹುಡುಗಿಯ ಪ್ರತಿಯನ್ನು ಇಸಿದುಕೊಂಡು ಪುಟ ತಿರುವುವಾಗ ನಾಲ್ಕು ಮಡಿಕೆಯ ಚೀಟಿಯೊಂದು ಮೇಜಿನ ಮೇಲೆ ಬಿದ್ದಿತು. ಆಕೆಯ ಮುಖವು ಬಿಳುಪೇರಿತು. ನಾವು ಅದನ್ನು ಕಿಸೆಯಲ್ಲಿ ಇಟ್ಟುಕೊಂಡು ಪಾಠವನ್ನು ಮುಂದುವರಿಸಿದೆವು. ವಿರಾಮದ ಹೊತ್ತಿನಲ್ಲಿ ಬಿಚ್ಚಿ ಓದಿದೆವು. ಆ ಮಾತುಗಳು ಇಂದಿಗೂ ನಮಗೆ ಕಂಠಪಾಠವಾಗಿವೆ: “ಸಿನೇಮಾ ನೋಡಿದೆ. ಕಡೀಕ ಅಂವಾ ಹುಚ್ಚ ಆಗತಾನ. ನಾವು ಓಡಿ ಹೋಗೂದು ಬ್ಯಾಡ. ನೀ ಕಾಲೇಜ ಕಲಿ. ನಾ ಸ್ವಂತ ಗ್ಯಾರೇಜ ಹಾಕತೀನಿ. ಆಮ್ಯಾಲ ನಿಮ್ಮ ಅಪ್ಪಗ ನಾನs ಬಂದು ಕೇಳತೀನಿ. ಅಲ್ಲೀತನಾ ಮಾತಾಡೂದು ಬ್ಯಾಡ.”

ವಾಚಕರು ನಂಬಬೇಕು, ಓದಿದ ಕೂಡಲೆ ನಮ್ಮ ಕಣ್ಣಿಗೆ ಬಿದ್ದದ್ದು ಕಾಗುಣಿತದ ತಪ್ಪುಗಳು. ಮೂರು ವರ್ಷ ನಮ್ಮ ಕೈಯಲ್ಲಿ ಕಲಿತವನು ಇಷ್ಟು ಅಶುದ್ಧ ಬರೆಯಬಹುದೇ ಎಂದು ಸಿಟ್ಟು ಬಂದಿತು. ಅವನು ಏನು ಬರೆದಿದ್ದಾನೆಂಬದು ಮನಸ್ಸಿಗೆ ತಟ್ಟಲು ವರ್ಷಗಳೇ ಬೇಕಾದವು. ಇಡೀ ನಾಡು ನೋಡಿ ಅತ್ತ ಚಿತ್ರದಿಂದ ಬುದ್ಧಿ ಕಲಿತವನು ಅವನೊಬ್ಬನೇ ಇರಬೇಕು! ಯಾವ ಮಾತನ್ನು ಹಿರಿಯರು ಹೇಳಬೇಕಾಗಿತ್ತೋ ಅದನ್ನು ಆ ಎಣ್ಣೆಗೈಯ ಹುಡುಗನು ತಾನಾಗಿ ಹೇಳಿದ್ದನು.

ಅಂದಿನ ಸಂಜೆ ನಾವು ಆ ಚೀಟಿಯನ್ನು ಒಯ್ದು ಹುಡುಗಿಯ ತಂದೆಯ ಕೈಯಲ್ಲಿ ಕೊಟ್ಟೆವು. ಇದು ನಮ್ಮ ಕರ್ತವ್ಯವೆಂದು ನಮಗೆ ನಾವೇ ಹೇಳಿಕೊಂಡೆವು. ನಿಜವನ್ನು ಹೇಳಬೇಕಾದರೆ ಅದು ಅಂಜಿಕೆ. ನಾಳೆ ಏನಾದರೂ ಆದರೆ ‘ಮಾಸ್ತರರಿಗೆ ಗೊತ್ತಿದ್ದೂ ಸುಮ್ಮನಿದ್ದರು’ ಎಂಬ ಮಾತು ಬರಬಾರದೆಂಬ ಅಂಜಿಕೆ. ತಂದೆಯು ಸಿಟ್ಟಾಗಲಿಲ್ಲ, ಕೂಗಾಡಲಿಲ್ಲ. “ಮಾಸ್ತರ, ನಮ್ಮ ಮನೀ ಮಾನ ಉಳಿಸಿದ್ರಿ,” ಎಂದು ಕೈಮುಗಿದು, ಒಂದು ಡಬ್ಬಿ ತುಂಬ ಒಣದ್ರಾಕ್ಷಿಯನ್ನು ಕೊಟ್ಟು ಕಳಿಸಿದರು. ಅದನ್ನು ಮನೆಗೆ ತಂದೆವು. ಮಕ್ಕಳು ತಿಂದರು. ಇಂದು ನಮ್ಮನ್ನು ಪ್ರಶ್ನೆ ಕೇಳಿದ ಈ ಮಗಳೂ ತಿಂದಿದ್ದಳು. ಆಗ ಆಕೆಗೆ ಆರು ವರ್ಷ.

ಮರುದಿನದಿಂದ ಹುಡುಗಿ ಶಾಲೆಗೆ ಬರಲಿಲ್ಲ. ಹುಡುಗನನ್ನು ಯಾರೋ ರಾತ್ರಿಯಲ್ಲಿ ಹಿಡಿದು ಹೊಡೆದರೆಂದೂ ಅವನ ತಾಯಿಯನ್ನು ಪಡದ ಕೆಲಸದಿಂದ ಬಿಡಿಸಿದರೆಂದೂ ಕೇಳಿದೆವು. 2008ರ ಬೇಸಿಗೆಯಲ್ಲಿ ಕೃಷ್ಣೆಯ ಆಚೆಯ ಊರಿಗೆ ಹುಡುಗಿಯನ್ನು ಕೊಟ್ಟು ಲಗ್ನವಾಯಿತು. ಬಾಲ್ಯವಿವಾಹ ನಿಷೇಧದ ಹೊಸ ಕಾಯದೆಯು ಜಾರಿಗೆ ಬಂದು ಆಗ ಆರು ತಿಂಗಳೂ ಆಗಿರಲಿಲ್ಲ. ಶಾಲೆಯ ದಾಖಲೆಯಲ್ಲಿ ಆಕೆಯ ಹುಟ್ಟಿದ ತೇದಿಯು ನಮ್ಮ ಕೈಯ ಅಕ್ಷರದಲ್ಲಿಯೇ ಇದ್ದಿತು; ಹದಿನಾರು ತುಂಬಿತ್ತಷ್ಟೆ. ನಾವು ಅಕ್ಷತೆ ಹಾಕಿ, ಹೋಳಿಗೆ ಉಂಡು ಬಂದೆವು. ಆಕೆಯು ತಲೆ ಎತ್ತಿ ನಮ್ಮನ್ನು ನೋಡಿದಳೋ ಇಲ್ಲವೋ ಹೇಳಲಾರೆವು. ನಾವೇ ತಲೆ ಎತ್ತಲಿಲ್ಲ.

ಸೋಜಿಗವೆಂದರೆ, ಅದೇ ವರ್ಷಗಳಲ್ಲಿ ನಾವು ಮನೆಗೆ ಬರುವ ದೊಡ್ಡ ವಿದ್ಯಾರ್ಥಿಗಳಿಗೆ ಶಾಕುಂತಲದ ನಾಲ್ಕನೆಯ ಅಂಕವನ್ನು ಕಣ್ಣು ಒದ್ದೆಮಾಡಿಕೊಂಡು ಪಾಠ ಹೇಳುತ್ತಿದ್ದೆವು. ಆಶ್ರಮದ ಹುಡುಗಿ, ಚಕ್ರವರ್ತಿಯಾದ ವರ. ಅಂತಸ್ತಿನ ಅಂತರಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೇ? ಕಣ್ವರು ಊರಲ್ಲಿಲ್ಲದಾಗ ಎಲ್ಲವೂ ನಡೆದುಹೋಗಿದೆ. ಮರಳಿ ಬಂದು ಅಗ್ನಿಶಾಲೆಯನ್ನು ಹೊಕ್ಕಾಗ ಅಶರೀರವಾಣಿಯಿಂದ ಅವರಿಗೆ ಸಂಗತಿ ತಿಳಿಯುತ್ತದೆ. ನಾಚಿ ತಲೆತಗ್ಗಿಸಿ ನಿಂತ ಮಗಳನ್ನು ಆ ಋಷಿಯು ಗದರಿಸುವದಿಲ್ಲ, ಅಪ್ಪಿಕೊಳ್ಳುತ್ತಾರೆ. ಗುಟ್ಟಿನ ಒಲವನ್ನು ಪರೀಕ್ಷಿಸದೆ ಕೈಕೊಳ್ಳಬಾರದೆಂಬ ಕಟುವಾದ ಮಾತನ್ನು ಕಾಳಿದಾಸನು ಬಿಟ್ಟಿಲ್ಲ. ಅದನ್ನು ಐದನೆಯ ಅಂಕದಲ್ಲಿ ಶಿಷ್ಯನಾದ ಶಾರ್ಙ್ಗರವನ ಬಾಯಿಂದ ಆಡಿಸಿದ್ದಾನೆ, ತಂದೆಯ ಬಾಯಿಂದಲ್ಲ. ಮೂವತ್ತು ವರ್ಷ ಈ ಪಾಠ ಹೇಳಿದ ನಾವು, ಸಮಯ ಬಂದಾಗ ಕಣ್ವರಾಗಲಿಲ್ಲ, ಶಾರ್ಙ್ಗರವರೂ ಆಗಲಿಲ್ಲ, ಟಪ್ಪಾಲಿನವರಾದೆವು.

‘ಕಾದಲ್’ ಚಿತ್ರದೊಳಗಿನ ಒಂದು ಸಂಗತಿಯು ನಮ್ಮನ್ನು ಬಹಳ ಕಾಡುತ್ತದೆ. ಓಡಿಹೋದವರನ್ನು ಹುಡುಗಿಯ ಚಿಕ್ಕಪ್ಪನು ಪತ್ತೆ ಹಚ್ಚಿ, ಸಿಹಿಮಾತುಗಳನ್ನಾಡಿ, ‘ಬನ್ನಿರಿ, ಎಲ್ಲವನ್ನೂ ಸರಿಪಡಿಸೋಣ’ ಎಂದು ನಂಬಿಸಿ ಕರೆತರುತ್ತಾನೆ. ಊರು ಮುಟ್ಟಿದ ಮೇಲೆ ಬಡಿಗೆಗಳು ಹೊರಬರುತ್ತವೆ. ಆ ಹುಡುಗರು ಹಿರಿಯರ ಮಾತನ್ನು ಮೀರಿದ್ದರಿಂದ ಕೆಟ್ಟರೆಂದು ಹೇಳುವವರುಂಟು. ಅವರು ಹಿರಿಯರ ಮಾತನ್ನು ನಂಬಿದ್ದರಿಂದ ಕೆಟ್ಟರು.

ತಂದೆಗಳೆಲ್ಲ ಇಂಥವರೇ ಎಂದಲ್ಲ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯು ನಮ್ಮ ಜಿಲ್ಲೆಯಲ್ಲಿಯೇ ಇದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತೆಂಬ ಕಥೆಯನ್ನು ಇಲ್ಲಿಯ ಮಕ್ಕಳು ತೊಟ್ಟಿಲಲ್ಲಿಯೇ ಕೇಳಿರುತ್ತಾರೆ. ಆ ಕಥೆಯ ಒಂದು ವಿಶೇಷವನ್ನು ಮಾತ್ರ ನಾವು ಗಮನಿಸುವದಿಲ್ಲ. ಅಲ್ಲಿ ಮದುವೆಗೆ ಕೈಹಾಕಿದವರು ತಂದೆಗಳೇ. ಬಿಜ್ಜಳನ ಆಜ್ಞೆಯಿಂದ ಪ್ರಾಣ ತೆತ್ತವರೂ ಆ ಬೀಗರಿಬ್ಬರೇ. ಮಕ್ಕಳ ಮದುವೆಗಾಗಿ ತಂದೆಗಳು ಸತ್ತ ನಾಡು ಇದು. ಇಂಥದೇ ನಾಡಿನಲ್ಲಿ, ನಮ್ಮ ಇದೇ ಜಿಲ್ಲೆಯಲ್ಲಿ, ಕುಲದಾಚೆ ಮದುವೆಯಾಗಿ ಬಸುರಿಯಾಗಿದ್ದ ಹೆಣ್ಣುಮಗಳೊಬ್ಬಳನ್ನು ತವರಿನವರೇ ಸುಟ್ಟು ಕೊಂದರೆಂಬ ಸುದ್ದಿಯನ್ನು 2017ರಲ್ಲಿ ಓದಿದೆವು. 2021ರಲ್ಲಿ ಒಲಿದ ಹುಡುಗ ಹುಡುಗಿ ಇಬ್ಬರನ್ನೂ ಹುಡುಗಿಯ ಕಡೆಯವರು ಕೊಂದರೆಂಬ ಸುದ್ದಿಯನ್ನು ಓದಿದೆವು. ಪ್ರಾಪ್ತವಯಸ್ಕರಾದ ಇಬ್ಬರು ಒಪ್ಪಿ ಮದುವೆಯಾಗಲು ಮನೆತನದವರ ಅಥವಾ ಜಾತಿಯ ಪಂಚರ ಒಪ್ಪಿಗೆ ಬೇಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕಾಯದೆಯು ಪುಸ್ತಕದಲ್ಲಿದೆ, ಚೀಟಿಯೂ ಪುಸ್ತಕದಲ್ಲಿಯೇ ಇದ್ದಿತು.

ಇದನ್ನೆಲ್ಲ ಮಗಳಿಗೆ ಹೇಳಿದೆವು. ಒಣದ್ರಾಕ್ಷಿಯ ಸಂಗತಿಯನ್ನೂ ಮುಚ್ಚಲಿಲ್ಲ. ಆಕೆಯು ಬಹಳ ಹೊತ್ತು ಸುಮ್ಮನಿದ್ದು, “ಆಕಿ ಈಗ ಹ್ಯಾಂಗಿದ್ದಾಳಪ್ಪಾ?” ಎಂದಳು. ಗೊತ್ತಿಲ್ಲವೆಂದೆವು. “ಅಂವಾ?” ಎಂದಳು. ಅದೂ ಗೊತ್ತಿಲ್ಲವೆಂದೆವು. ಅಂದಿಗೆ ಅದು ನಿಜವಾಗಿಯೇ ಇದ್ದಿತು.

ಶ್ರಾವಣದಲ್ಲಿ ಒಂದು ದಿನ ವಿಜಯಪುರಕ್ಕೆ ಹೋಗಿ ಮರಳುವಾಗ ನಮ್ಮ ಹಳೆಯ ಸ್ಕೂಟರು ದಾರಿಯಲ್ಲಿ ನಿಂತುಬಿಟ್ಟಿತು. ತಳ್ಳಿಕೊಂಡು ಹೋಗಿ ರಸ್ತೆಯ ಬದಿಯ ಗ್ಯಾರೇಜೊಂದರ ಮುಂದೆ ನಿಲ್ಲಿಸಿದೆವು. ಒಳಗಿನಿಂದ ಬಂದವನು ಕೈಯನ್ನು ಬಟ್ಟೆಗೆ ಒರೆಸಿಕೊಂಡು, “ಸರ, ನೀವು!” ಎಂದು ಕಾಲುಮುಟ್ಟಿದನು. ಕಿವಿಯ ಮೇಲೆ ಕೂದಲು ನರೆತಿತ್ತು. ಗ್ಯಾರೇಜು ಅವನ ಸ್ವಂತದ್ದು. ಹೆಂಡತಿ, ಎರಡು ಮಕ್ಕಳು ಇದ್ದಾರೆ. ದೊಡ್ಡವಳು ಎಂಟನೆಯ ಇಯತ್ತೆ. ಅವನಿಗೆ ಹುಚ್ಚು ಹಿಡಿದಿರಲಿಲ್ಲ. ಚಹಾ ತರಿಸಿದನು, ಕಾರ್ಬೊರೇಟರು ಬಿಚ್ಚಿ ತೊಳೆಯುತ್ತ ಹಳೆಯ ಶಾಲೆಯ ಮಾತು ತೆಗೆದನು. ಆ ಮಾತು ಈ ಮಾತು ಆಗಿ, ತಲೆ ಎತ್ತದೆಯೇ ಹೇಳಿದನು: “ನಿಮ್ಮ ಸಂಸ್ಕೃತ ಪಾಠ ಅಂದ್ರ ಆಕಿ ಜೀವ ಬಿಡ್ತಿದ್ಳು, ಸರ. ನನ್ನ ಮ್ಯಾಲೂ ಹಂಗs ಅದಾಳ ಅಂತ ತಿಳ್ಕೊಂಡಿದ್ದೆ. ಒಂದು ಚೀಟಿ ಬರದಿದ್ದೆ. ಅಂಜಿ ಒಯ್ದು ಅವರಪ್ಪನ ಕೈಯಾಗ ಕೊಟ್ಟುಬಿಟ್ಳು. ಇರಲಿ ಬಿಡ್ರಿ, ಸಣ್ಣ ಹುಡುಗಿ.”

ಹದಿನೇಳು ಹದಿನೆಂಟು ವರ್ಷಗಳಿಂದ ಅವನು ಹಾಗೆಯೇ ತಿಳಿದುಕೊಂಡಿದ್ದಾನೆ. ಹಾಗೆ ತಿಳಿದುಕೊಂಡೇ ಆಕೆಯನ್ನು ಕ್ಷಮಿಸಿಯೂ ಇದ್ದಾನೆ. ನಮ್ಮ ಬಾಯೊಳಗಿನ ಚಹಾ ಗಂಟಲಿಗೆ ಇಳಿಯಲಿಲ್ಲ. ರೊಕ್ಕ ಕೊಡಹೋದರೆ ಅವನು ಮುಟ್ಟಲಿಲ್ಲ. ಸ್ಕೂಟರು ಒಂದೇ ಒದೆತಕ್ಕೆ ಸುರುವಾಯಿತು. ನಾವು ಏನನ್ನೂ ಹೇಳದೆ ಬಂದೆವು.

ಹೊರಡುವಾಗ ಒಂದನ್ನು ಮಾತ್ರ ಕಂಡಿದ್ದೆವು. ಗಿರಾಕಿಗಳು ಕೂಡುವ ಬಾಕಿನ ಮೇಲೆ ಎಣ್ಣೆಯ ಬೆರಳಚ್ಚುಗಳಾಗಿದ್ದ ಈ ಮಾಸಪತ್ರಿಕೆಯ ಹಿಂದಿನ ಸಂಚಿಕೆಯೊಂದು ಬಿದ್ದಿತ್ತು. ತಿಂಗಳು ತಿಂಗಳು ತರಿಸುತ್ತಾನಂತೆ. ಮಧ್ಯಾಹ್ನ ಕೆಲಸವಿಲ್ಲದಾಗ ತಾನೇ ಓದುತ್ತಾನಂತೆ. ಆದಕಾರಣ ಬಾಯಿಂದ ಆಡಲಾರದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಚೀಟಿಯನ್ನು ಕೊಟ್ಟವಳು ಆಕೆಯಲ್ಲ, ಅಪ್ಪಾ. ನಾವು.